ದಂಡೆಯ ಮೇಲಿನ ಉಸಿರು

ಅನಗೋಳದ ಗುರುಪಾದಪ್ಪನವರ ಬಾವಿಗೆ ಒಂದು ಪದ್ಧತಿ ಇತ್ತು. ಯಾರೇ ಮುಳುಗು ಹಾಕಲಿ, ಹೆಗಲ ಮೇಲಿನ ವಸ್ತ್ರವನ್ನು ದಂಡೆಯ ಮೇಲೆ ಕುಳಿತ ಒಬ್ಬನ ಕೈಗೆ ಕೊಟ್ಟೇ ಇಳಿಯಬೇಕು. ವಸ್ತ್ರ ಹಿಡಿದವನು ಹರಟೆ ಹೊಡೆಯುತ್ತ ಕೂರುವಂತಿಲ್ಲ. ಇಳಿದವನ ತಲೆ ನೀರಿನಡಿ ಹೋದ ಕೂಡಲೇ ಅವನೂ ಉಸಿರು ಬಿಗಿಹಿಡಿಯಬೇಕು. ಅದು ಮುಗಿದರೆ ಬಿಟ್ಟು, ಇನ್ನೊಮ್ಮೆ ಹಿಡಿಯಬೇಕು. ಎರಡನೆಯ ಉಸಿರೂ ಮುಗಿದು ನೀರಿನ ಮೇಲೆ ತಲೆ ಕಾಣದಿದ್ದರೆ ಕೂಗು ಹಾಕಿ ಮಂದಿಯನ್ನು ಕರೆಯಬೇಕು. ಕೈಗಡಿಯಾರ ನೋಡಿದರೆ ಸಾಲದೇ ಎಂದು ಯಾರೋ ಒಮ್ಮೆ ಕೇಳಿದ್ದಕ್ಕೆ ಗುರುಪಾದಪ್ಪನವರ ತಾಯಿ ಕಾಶವ್ವ, "ಗಡಿಯಾರಕ್ಕೇನು ಗಾಬರಿ ಆಗತೈತಿ?" ಎಂದಿದ್ದಳಂತೆ.

ಈ ಪದ್ಧತಿಯನ್ನು ಕಂಡರಾಗದ ಒಬ್ಬನೇ ಮನುಷ್ಯ ನಮ್ಮ ಪಾರಿಶ್ವಾಡದ ನಾಗಲಿಂಗ. ಆ ಬಾವಿಯಲ್ಲಿ ಅವನಷ್ಟು ಚೆನ್ನಾಗಿ ಮುಳುಗುವವರೂ ಇನ್ನೊಬ್ಬರಿರಲಿಲ್ಲ.

ನಾಗಲಿಂಗ ಕುರಿ ಸಾಕುವವರ ಮನೆಯವನು. ಉಣ್ಣೆ ಕತ್ತರಿಸುವ ಮೊದಲು ಕುರಿಗಳನ್ನು ಹೊಳೆಗೆ ಹೊಡೆದು ತೊಳೆಯುವುದು ಆ ಮನೆತನದ ಕೆಲಸ. ಅಂಜಿದ ಕುರಿ ನೀರಿನಲ್ಲಿ ಕಾಲು ಬಡಿಯುವಾಗ ಅದನ್ನು ಎದೆಗೊತ್ತಿಕೊಂಡು ನಿಲ್ಲಬೇಕು. ನಿಂತವನ ಕಾಲು ತಪ್ಪಿದರೆ ಕುರಿಯ ಜೊತೆ ತಾನೂ ಹೋಗಬೇಕು. ಹಾಗಾಗಿ ಆ ಮನೆಯ ಮಕ್ಕಳಿಗೆ ಈಜನ್ನು ಯಾರೂ ಕೂರಿಸಿ ಕಲಿಸಲಿಲ್ಲ, ಅದು ತಾನಾಗಿ ಬಂತು. ನಾಗಲಿಂಗನಿಗೆ ಮಾತ್ರ ಈಜಿಗಿಂತ ಮುಳುಗುವುದರ ಮೇಲೆ ಹೆಚ್ಚು ಆಸೆ. ಹೊಳೆಯ ತಳಕ್ಕೆ ಹೋಗಿ ಒಂದು ಹಿಡಿ ಮಣ್ಣು ತಂದು ಅಪ್ಪನ ಕಾಲ ಬಳಿ ಹಾಕುತ್ತಿದ್ದ. "ಮಣ್ಣ ತರಾಕ ಅಷ್ಟ ಆಳಕ್ಕ ಹೋಗಬೇಕೇನಲೇ? ಹೊಲದಾಗ ಬೇಕಾದಷ್ಟೈತಿ," ಎಂದು ಅಪ್ಪ ನಗುತ್ತಿದ್ದ.

ಎಪ್ಪತ್ತೆರಡರಲ್ಲಿ ನಾಗಲಿಂಗ ಬೆಳಗಾವಿಗೆ ಬಂದು ಉದ್ಯಮಬಾಗದ ಒಂದು ಫೌಂಡ್ರಿ ಸೇರಿದ. ಅನಗೋಳದ ಚಾಳಿನಲ್ಲಿ ಒಂದು ಕೋಣೆ ಹಿಡಿದ. ಮದುವೆಯಾಯಿತು, ಎರಡು ಹೆಣ್ಣುಮಕ್ಕಳಾದವು, ತಮ್ಮನೂ ಐಟಿಐ ಕಲಿಯಲೆಂದು ಬಂದು ಸೇರಿಕೊಂಡ. ಕೋಣೆ ಮಾತ್ರ ಒಂದೇ ಉಳಿಯಿತು. ಫೌಂಡ್ರಿಯಲ್ಲಿ ಕರಿ ಉಸುಕು ತುಂಬಿ ಸಾಚಾ, ಅಂದರೆ ಎರಕದ ಅಚ್ಚು, ಹಾಕುವ ಕೆಲಸ; ಭಟ್ಟಿಯಿಂದ ಕರಗಿದ ಕಬ್ಬಿಣ ಬರುವ ಹೊತ್ತಿಗೆ ಅಂಗಿಯೆಲ್ಲ ಮೈಗಂಟುತ್ತಿತ್ತು. ಪಾಳಿಯ ಸೈರನ್ನು, ಅಂದರೆ ಭೋಂಗಾ, ಕೂಗಿದಾಗ ಒಳಗೆ, ಭೋಂಗಾ ಕೂಗಿದಾಗ ಹೊರಗೆ. ಭಾನುವಾರ ಒಂದು ಅವನದು. ಅವತ್ತು ಮುಂಜಾನೆ ಗುರುಪಾದಪ್ಪನವರ ಬಾವಿಗೆ ಹೋಗಿ, ವಸ್ತ್ರವನ್ನು ಯಾರದೋ ಕೈಗೆ ತುರುಕಿ, ನೀರಿಗೆ ಬಿದ್ದರೆ ಅವನನ್ನು ಕೂಗುವವರಿಲ್ಲ.

ಎಪ್ಪತ್ತಾರರಲ್ಲಿ ಫೌಂಡ್ರಿಯ ಮಂದಿ ಗೋವಾ ನೋಡಲು ಹೋಗಿದ್ದರು. ಉಳಿದವರು ಚರ್ಚು, ಅಂಗಡಿ ಎಂದು ತಿರುಗಿದರೆ ನಾಗಲಿಂಗ ಇಡೀ ದಿನ ಸಮುದ್ರದ ದಂಡೆಯಲ್ಲೇ ಉಳಿದ. ಅಲ್ಲಿ ಇಬ್ಬರು ಪರದೇಶದವರು ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಕಣ್ಣಿಗೆ ಗಾಜು ಹಾಕಿಕೊಂಡು, ದೋಣಿಯಿಂದ ಸಮುದ್ರಕ್ಕೆ ಇಳಿದದ್ದನ್ನು ನೋಡಿದ. ಕೆಲಸಕ್ಕೆಂದಲ್ಲ, ಸುಮ್ಮನೆ ಮೋಜಿಗೆ. ಇವನು ಅಲ್ಲೇ ಕುಳಿತು ಚಹಾ ಕುಡಿದು, ಇನ್ನೊಂದು ಚಹಾ ಕುಡಿದು ಮುಗಿಸಿದರೂ ಅವರು ಮೇಲೆ ಬರಲಿಲ್ಲ. ಬಂದಾಗ ನಗುತ್ತ ಬಂದರು. ಈ ಸುದ್ದಿಯನ್ನು ಅವನು ಅನಗೋಳದಲ್ಲಿ ಹೇಳದ ಮನೆಯಿಲ್ಲ. ಸಿಲಿಂಡರ್ ಎಲ್ಲಿಂದ ಬರಬೇಕು? ಲಾರಿಯ ಟ್ಯೂಬು ಕತ್ತರಿಸಿ, ಫೋಟೋಕ್ಕೆ ಕಟ್ಟು ಹಾಕುವ ಅಂಗಡಿಯಿಂದ ದುಂಡಗೆ ಗಾಜು ಕೊಯ್ಯಿಸಿ, ಕಣ್ಣಿಗೊಂದು ಗಾಜು ಮಾತ್ರ ತಾನೇ ಮಾಡಿಕೊಂಡ.

ಆ ಗಾಜಿನಿಂದಲೇ ಎಪ್ಪತ್ತೆಂಟರ ಬೇಸಿಗೆಯಲ್ಲಿ ಬಾವಿಯೊಳಗಿನ ಕೋಣೆ ಅವನ ಕಣ್ಣಿಗೆ ಬಿತ್ತು.

ಬಾವಿಯ ಪಡುವಣ ಗೋಡೆಯಲ್ಲಿ, ನೀರಿನ ಮಟ್ಟದಿಂದ ಒಂದಾಳು ಕೆಳಗೆ, ಕಲ್ಲಿನ ಸಣ್ಣ ಕಮಾನು ಇತ್ತು. ಮನುಷ್ಯ ಮೈ ಹಿಂಡಿಕೊಂಡು ತೂರುವಷ್ಟು ಬಾಯಿ. ಒಳಗೆ ಹೋದರೆ ಗೂಡಿನಂಥ ಜಾಗ; ಅದರ ಮಾಳಿಗೆ ಹೊರಗಿನ ಬೇಸಿಗೆಯ ನೀರಿಗಿಂತ ಎತ್ತರದಲ್ಲಿತ್ತು. ಮಳೆಗಾಲದಲ್ಲಿ ಪೂರ್ತಿ ಮುಳುಗುವ ಆ ಗೂಡಿನಲ್ಲಿ ಬೇಸಿಗೆಗೆ ನೀರು ಇಳಿದಾಗ, ಮಾಳಿಗೆಯ ಕೆಳಗೆ ಒಂದು ಗೇಣಿನಷ್ಟು ಗಾಳಿ ನಿಲ್ಲುತ್ತಿತ್ತು. ಗದ್ದವನ್ನು ನೀರಿನ ಮೇಲಿಟ್ಟು ನಿಂತರೆ ಉಸಿರಾಡಬಹುದು. ಕತ್ತಲು, ತಂಪು, ತನ್ನ ಉಸಿರಿನ ಸಪ್ಪಳ. ಒಬ್ಬನೇ ಕೂರಲು ನಾಗಲಿಂಗನಿಗೆ ಸಿಕ್ಕ ಮೊದಲ ಕೋಣೆ ಅದು. ಯಾರಿಗೂ ಹೇಳಲಿಲ್ಲ. ಒಳಗೆ ಹೋಗಿ, ನಾಲ್ಕು ಉಸಿರು ತೆಗೆದು, ದಂಡೆಯವನು ಕೂಗುವ ಮೊದಲೇ ಮೇಲೆ ಬರುತ್ತಿದ್ದ. "ಎಂಥಾ ಉಸಿರ ಲೇ ನಿಂದು," ಎಂದು ಮಂದಿ ಬೆರಗಾಗುತ್ತಿದ್ದರು. ಅವನು ನಕ್ಕು ಸುಮ್ಮನಾಗುತ್ತಿದ್ದ.

ಅವನ ವಸ್ತ್ರ ಹೆಚ್ಚಾಗಿ ಹಿಡಿಯುತ್ತಿದ್ದವನು ಅದೇ ಚಾಳಿನ ಟೇಲರ್ ಬಾಳಾಸಾಹೇಬ. ನಾಗಲಿಂಗನಿಗಿಂತ ಸಣ್ಣವನು, ತೆಳ್ಳಗಿನ ಆಳು. ಅವನಿಗೆ ಈಜು ಬರುತ್ತಿರಲಿಲ್ಲ. ತೇಲಲೆಂದು ಬೆನ್ನಿಗೆ ಖಾಲಿ ಡಬ್ಬಿ ಕಟ್ಟಿಕೊಂಡು ಮೆಟ್ಟಿಲ ಬಳಿಯೇ ಕಾಲು ಬಡಿದು ಮೇಲೆ ಬಂದುಬಿಡುತ್ತಿದ್ದ. ಆದರೆ ಮಂದಿಯ ಬಟ್ಟೆ ಕಾಯುವುದರಲ್ಲಿ ಅವನ ಶಿಸ್ತೇ ಬೇರೆ. ಮಡಿಸಿ, ಸುಕ್ಕು ತೆಗೆದು, ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದ.

ಅದೇ ಬೇಸಿಗೆಯ ಒಂದು ಭಾನುವಾರ ಊರಿನಲ್ಲಿ ಮದುವೆ. ಬಾವಿಯ ಬಳಿ ಇವರಿಬ್ಬರೇ.

"ನಾಗಣ್ಣಾ, ಲಗೂನ ಬಾ. ಬುಂದೆ ಖಾಲಿ ಆಗತೈತಿ," ಎಂದ ಬಾಳಾಸಾಹೇಬ.

"ನೀ ಹೋಗು ಬೇಕಾದ್ರ. ನಾ ಏನ ಸಣ್ಣ ಕೂಸೇನು?"

"ವಸ್ತ್ರ ಕೈಯಾಗ ಹಿಡದ ಮ್ಯಾಲ ಹ್ಯಾಂಗ ಹೋಗಲಿ?"

ನಾಗಲಿಂಗ ಮುಳುಗಿ ಕೋಣೆ ಸೇರಿದ. ಅವತ್ತು ಕಮಾನಿನ ಬಾಯಿಯಿಂದ ಬಿಸಿಲಿನ ಹಸಿರು ಬೆಳಕು ಒಳಗೆ ಬಂದು ಕಲ್ಲಿನ ಮೇಲೆ ಆಡುತ್ತಿತ್ತು. ಇನ್ನೊಂದು ಗಳಿಗೆ ಇರೋಣ ಎನಿಸಿತು, ಆಮೇಲೆ ಇನ್ನೊಂದು. ಹೊರಗೆ ಧಡ್ ಎಂದು ಏನೋ ನೀರಿಗೆ ಬಿದ್ದ ಸಪ್ಪಳ ಕೇಳಿಸಿತು. ಯಾರೋ ಜಿಗಿದಿರಬೇಕು ಎಂದುಕೊಂಡ. ಆಗ ಹಸಿರು ಬೆಳಕಿನಲ್ಲಿ ಬೆಳ್ಳಗಿನದೊಂದು ಮೆಲ್ಲಗೆ ಇಳಿಯುತ್ತ ಕಂಡಿತು. ಗಾಜಿನೊಳಗಿಂದ ನೋಡಿದ. ಅದು ಅವನದೇ ವಸ್ತ್ರ.

ಹೊರಬಂದು ನೋಡಿದರೆ ಬಾಳಾಸಾಹೇಬ ನೀರಿನೊಳಗೆ ಕೈಕಾಲು ಬಡಿಯುವುದನ್ನೂ ಬಿಟ್ಟಿದ್ದ. ಕುರಿಯನ್ನು ಹಿಡಿಯುವಂತೆ ಹಿಂದಿನಿಂದ ಕಂಕುಳಿಗೆ ಕೈಹಾಕಿ ಮೆಟ್ಟಿಲಿಗೆ ತಂದು, ಬೋರಲು ಹಾಕಿ ಬೆನ್ನು ಒತ್ತಿದ. ನೀರು ಬಂತು, ಆಮೇಲೆ ಕೆಮ್ಮು ಬಂತು. ಬಾಳಾಸಾಹೇಬನ ಕೂಗು ಕೇಳಿ ಮನೆಯಿಂದ ಓಡಿಬಂದ ಕಾಶವ್ವ ಆಗಷ್ಟೇ ಮೆಟ್ಟಿಲ ಮೇಲೆ ನಿಂತು ನೋಡಿದಳು. ಎಪ್ಪತ್ತು ದಾಟಿದ ಮುದುಕಿ, ಏದುಸಿರು ಬಿಡುತ್ತಿದ್ದಳು. ಅವಳು ನೋಡಿದ್ದು ಬಾಳಾಸಾಹೇಬನನ್ನಲ್ಲ, ನಾಗಲಿಂಗನನ್ನು. "ನೀ ಇಷ್ಟೊತ್ತನ ಎಲ್ಲಿದ್ದಿ?" ಎಂದು ಕೇಳಿದಳು.

ಮರುದಿನ ಗುರುಪಾದಪ್ಪನವರು ಬಾವಿಯ ಬಾಯಿಗೆ ಹಾಸುಗಲ್ಲು ಹಾಕಿ ಮುಚ್ಚಿಸುವುದಾಗಿ ಸಾರಿದರು. ಪಂಪಿನ ಪೈಪಿಗೆ ಒಂದು ಕಿಂಡಿ ಬಿಟ್ಟರೆ ಅವರ ಗದ್ದೆಗೆ ನೀರು ನಿಲ್ಲುವುದಿಲ್ಲ. ನಿಲ್ಲುವುದು ಮಂದಿಯ ಈಜು. ಅನಗೋಳದ ಅರ್ಧ ಊರು ಈಜು ಕಲಿತದ್ದು ಅಲ್ಲೇ. ಮುಂದಿನ ಬೇಸಿಗೆಗೆ ತನ್ನ ಹೆಣ್ಣುಮಕ್ಕಳನ್ನೂ ಅಲ್ಲಿಯೇ ಇಳಿಸಬೇಕೆಂದು ನಾಗಲಿಂಗ ಡಬ್ಬಿ ತಂದಿಟ್ಟಿದ್ದ. ಚಾಳಿನಲ್ಲಿ ಯಾರೂ ಅವನೊಂದಿಗೆ ಮಾತಾಡಲಿಲ್ಲ. ಹೆಂಡತಿ ರೇಣವ್ವನಿಗೆ ಮಾತ್ರ ರಾತ್ರಿ ಕೋಣೆಯ ವಿಷಯ ಹೇಳಿದ್ದ; ಮಾತಾಡಿದವಳೂ ಅವಳೊಬ್ಬಳೇ.

"ಬಾಳಾಸಾಹೇಬ್ನ ಅವ್ವನ ಮುಂದ ಏನ ಹೇಳತಿದ್ರಿ? ನಾ ಒಳಗ ತಂಪಾಗಿ ಕುಂತಿದ್ದೆ, ನಿನ ಮಗಾ ಹೋದ ಅಂತೇನ್ರಿ?"

"ನಾ ಅವಗ ಹಾರು ಅಂತ ಹೇಳಿದ್ನೇನು?"

"ಹೇಳೂದ ಯಾಕ ಬೇಕು? ನಿಮ್ಮ ವಸ್ತ್ರ ಅವನ ಕೈಯಾಗ ಇತ್ತಲ್ಲ."

ಜ್ವರ ಬಂದು ಮಲಗಿದ್ದ ಬಾಳಾಸಾಹೇಬನ ಬಳಿ ಹೋಗಿ ಕುಳಿತ ನಾಗಲಿಂಗ. ಏನು ಹೇಳಬೇಕೋ ತಿಳಿಯದೆ ಬೈದ.

"ಈಜ ಬರೂದಿಲ್ಲಂತ ಗೊತ್ತಿದ್ದೂ ಯಾಕ ಹಾರಿದೆಪಾ?"

"ಎರಡೂ ಉಸಿರ ಮುಗದ್ವು ನಾಗಣ್ಣಾ. ಒದರಿದೆ, ಯಾರೂ ಬರಲಿಲ್ಲ. ಮೂರನೇ ಉಸಿರಿಗೆ ಏನ ಮಾಡಬೇಕಂತ ಯಾರೂ ಹೇಳಿರಲಿಲ್ಲ." ಹೊದಿಕೆ ಎಳೆದುಕೊಳ್ಳುತ್ತ, "ಮತ್ತ ನಿನ್ನ ಪ್ಯಾಂಟ ನನ್ನ ಹಂತ್ಯಾಕ ಹೊಲ್ಯಾಕ ಐತಿ. ನೀ ಸತ್ತರ ಅದನ್ಯಾರು ಹಾಕೋತಾರ? ಅಷ್ಟ ಉದ್ದನ ಕಾಲ ಈ ಓಣ್ಯಾಗ ಇನ್ನೊಬ್ಬರಿಗಿಲ್ಲ," ಎಂದ.

ನಾಗಲಿಂಗನಿಗೆ ನಗು ಬರಲಿಲ್ಲ. ಎದ್ದು ನೆಟ್ಟಗೆ ಗುರುಪಾದಪ್ಪನವರ ಮನೆಗೆ ಹೋದ.

ಅವರು ಕಟ್ಟೆಯ ಮೇಲೆ ಕುಳಿತು ಎಲೆಯಡಿಕೆ ಹಾಕುತ್ತಿದ್ದರು. ಕಾಶವ್ವ ಬಾಗಿಲಲ್ಲಿ ಕುಳಿತು ಕಾಳು ಆರಿಸುತ್ತಿದ್ದಳು. ನಾಗಲಿಂಗ ನಿಂತೇ ಕೋಣೆಯ ವಿಷಯ ಹೇಳಿದ. ಗುರುಪಾದಪ್ಪನವರ ಬಾಯಾಡುವುದು ನಿಂತಿತು.

"ನಮ್ಮ ಬಾವ್ಯಾಗ ಕೋಣಿ ಐತಿ, ನಮಗ ಗೊತ್ತಿಲ್ಲ, ನೀ ಅಲ್ಲಿ ಬಿಡಾರ ಹೂಡಿದ್ದಿ?"

"ತಪ್ಪು ನಂದು ಕಾಕಾರ. ಅದಕ್ಕ ಬಾವಿ ಯಾಕ ಮುಚ್ಚತೀರಿ? ನನ್ನ ಒಬ್ಬನ್ನ ಬರಬ್ಯಾಡ ಅನ್ರಿ."

"ಇವತ್ತ ನೀ, ನಾಳೆ ಇನ್ನೊಬ್ಬ. ಹೆಣ ತೇಲಿದ್ರ ಪೊಲೀಸರು ನಿನ್ನ ಮನಿಗೆ ಬರೂದಿಲ್ಲಪಾ, ನನ್ನ ಮನಿಗೆ ಬರ್ತಾರ. ಬಾವಿ ನಂದು."

"ಸಿಟ್ಟಾಗಬ್ಯಾಡ್ರಿ, ಒಂದ ಮಾತ ಹೇಳತೇನಿ. ನೀರಿಗೆ ಇಳದ್ರ ನನ್ನ ಜೀವ ನಾ ಕೈಯಾಗ ಹಿಡಕೊಂಡ ಇಳೀತೇನಿ. ಹೋದ್ರ ನಂದ ಹೋಗತೈತಿ. ಆರ ದಿನ ಭೋಂಗಾದ ಮಾತ ಕೇಳತೇನಿ, ಮನ್ಯಾಗ ಐದ ಮಂದಿಗೆ ಒಂದ ಕೋಣಿ. ನೀರಾಗ ಒಂದಿಷ್ಟ ಹೊತ್ತು ನಾ ನನ್ನವ ಆಗಿ ಇರತೇನಿ. ಅದೂ ನನ್ನದಲ್ಲಂದ್ರ ಮತ್ತ ಯಾವದು ನಂದು?"

ಗುರುಪಾದಪ್ಪನವರು ಇನ್ನೊಂದು ಎಲೆಗೆ ಸುಣ್ಣ ಹಚ್ಚಿದರು. ಮಾತಾಡಿದವಳು ಕಾಶವ್ವ, ಮೊರದಿಂದ ತಲೆ ಎತ್ತದೆ.

"ಗೋವಾದ ಸುದ್ದಿ ಹೇಳತಿದ್ದೆಲ್ಲ, ಬೆನ್ನಿಗೆ ಗಾಳಿ ಡಬ್ಬಿ ಕಟಗೊಂಡ ಇಳದ್ರು ಅಂತ. ಎಷ್ಟ ಮಂದಿ ಇಳದ್ರು?"

"ಇಬ್ಬರು, ಆಯಿ."

"ಒಬ್ಬಾಂವ ಯಾಕ ಇಳೀಲಿಲ್ಲ? ಗಾಳಿ ಇತ್ತಲ್ಲ ಅವನ ಬೆನ್ನ ಮ್ಯಾಲ."

ನಾಗಲಿಂಗ ಆ ಸುದ್ದಿಯನ್ನು ಅಷ್ಟು ಸಲ ಹೇಳಿದ್ದರೂ ಅದರಲ್ಲಿ ಸಿಲಿಂಡರ್ ಇತ್ತು, ಗಾಜು ಇತ್ತು, ಸಮುದ್ರ ಇತ್ತು. ಇಬ್ಬರು ಎಂಬುದಕ್ಕೆ ಅವನು ಬೆಲೆ ಕೊಟ್ಟಿರಲಿಲ್ಲ. ದೋಣಿಯಲ್ಲಿ ಒಬ್ಬನು ಇನ್ನೊಬ್ಬನ ಬೆನ್ನಿನ ಪಟ್ಟಿಗಳನ್ನು ಒಂದೊಂದಾಗಿ ಜಗ್ಗಿ ನೋಡಿ, ಆಮೇಲೆ ತಿರುಗಿ ತನ್ನ ಬೆನ್ನನ್ನು ಅವನಿಗೆ ಕೊಟ್ಟದ್ದು ಈಗ ನೆನಪಾಯಿತು.

"ನಿನ್ನ ಜೀವ ನಿಂದ ಖರೇ," ಎಂದಳು ಕಾಶವ್ವ. "ಆದ್ರ ನೀ ಮುಳಗಿದ ಮ್ಯಾಲ ಅದು ನಿನ್ನ ಹಂತ್ಯಾಕ ಇರೂದಿಲ್ಲ. ದಂಡಿ ಮ್ಯಾಲ ಕುಂತಾಂವನ ಕೈಯಾಗ ಇರತೈತಿ."

ನಾಗಲಿಂಗ, "ಕಾಕಾರ, ಮುಚ್ಚೂದಾದ್ರ ಬಾವಿ ಮುಚ್ಚಬ್ಯಾಡ್ರಿ. ಆ ಕೋಣಿ ಬಾಯಿ ನಾನ ಮುಚ್ಚತೇನಿ. ಕಬ್ಬಿಣದ ಜಾಳಿ ಮಾಡಿ ಕೂಡಸತೇನಿ," ಎಂದ. ಆ ಮಾತು ಹೇಳುವಾಗ ಅವನ ದನಿ ಸಣ್ಣದಾಗಿತ್ತು.

"ಕಾರ ಹುಣ್ಣಿವಿ ಮಟಾ ಕೊಟ್ಟೇನಿ," ಎಂದರು ಗುರುಪಾದಪ್ಪನವರು. "ಮಳಿ ಹಿಡದ ನೀರ ಏರಿದ್ರ ಆಗೂದಿಲ್ಲ. ಆದರ ಹಗ್ಗ ಕಟಗೊಂಡ ಇಳೀಬೇಕು. ಹಗ್ಗ ಹಿಡ್ಯಾಂವ ಯಾರಂತ ನೀನ ನೋಡಕೋ. ಅಷ್ಟರಾಗ ಆಗಲಿಲ್ಲಂದ್ರ ಕಲ್ಲ ಹಾಕಸಾಂವನ."

ನೀರು ತೆಗೆದು ಕೆಲಸ ಮಾಡುವ ಹಾಗಿರಲಿಲ್ಲ. ಆ ಬಾವಿಯ ಸೆಲೆ ಅಷ್ಟು ಜೋರು; ಪಂಪು ಎಷ್ಟು ಎಳೆದರೂ ಅದು ಅಷ್ಟೇ ತುಂಬಿಕೊಳ್ಳುತ್ತಿತ್ತು. ಕಮಾನಿನ ಅಳತೆಯನ್ನು ನೀರೊಳಗೇ ತೆಗೆಯಬೇಕು. ಹಗ್ಗ ಹಿಡಿಯಲು ನಾಗಲಿಂಗ ಮೂರು ಮನೆ ತಿರುಗಿದ. ಒಬ್ಬನಿಗೆ ಹೊಲದ ಕೆಲಸ, ಇನ್ನೊಬ್ಬನಿಗೆ ಸೊಂಟನೋವು, ಮೂರನೆಯವನು ನೆಟ್ಟಗೆ, "ನಿನ್ನ ನಂಬಿ ಹಗ್ಗ ಯಾರ ಹಿಡೀತಾರ?" ಎಂದ. ಕೊನೆಗೆ ಜ್ವರ ಬಿಟ್ಟು ಎದ್ದ ಬಾಳಾಸಾಹೇಬನೇ ಬಂದ.

"ಅಳತಿ ಅಂದ್ರ ನನ್ನ ಕೆಲಸ," ಎಂದ. "ಆದ್ರ ಟೇಪ ಕೊಡೂದಿಲ್ಲ, ನೀರಾಗ ಹಾಳಾಗತೈತಿ. ನೂಲ ತಗೊಂಡ ಹೋಗು." ಆ ನೂಲನ್ನೂ ಹಾಗೆಯೇ ಕೊಡಲಿಲ್ಲ. ಹೊಸ ಬಟ್ಟೆಯನ್ನು ಕತ್ತರಿಸುವ ಮೊದಲು ನೆನೆಸುವ ಹಾಗೆ ಅದನ್ನು ನೀರಲ್ಲಿ ನೆನೆಸಿಟ್ಟು, ಕುಗ್ಗುವಷ್ಟು ಕುಗ್ಗಿದ ಮೇಲೆ ಕೊಟ್ಟ. ನಾಗಲಿಂಗ ಕಮಾನಿನ ಅಗಲಕ್ಕೊಂದು, ಎತ್ತರಕ್ಕೊಂದು ಗಂಟು ಹಾಕಿ ತಂದ. ಫೌಂಡ್ರಿಯಲ್ಲಿ ವೆಲ್ಡಿಂಗ್ ಮಾಡುವ ಸಿದ್ದಪ್ಪ ಹಳೆಯ ಕಬ್ಬಿಣದ ಸಳಿಗಳನ್ನು ಜೋಡಿಸಿ ಜಾಳಿ ಮಾಡಿಕೊಟ್ಟ. "ಬಾವಿಗೆ ಕಿಟಕಿ ಹಚ್ಚತೀಯೇನಪಾ? ಪಡದೇನೂ ಹಾಕತಿ ಏನು?" ಎಂದು ಕಾಡಿಸಿದ.

ಜಾಳಿ ಕೂಡಿಸುವ ದಿನ ಓಣಿಯೆಲ್ಲ ಬಾವಿಯ ಸುತ್ತ ನಿಂತಿತ್ತು. ರೇಣವ್ವನೂ ಮಕ್ಕಳನ್ನು ಕರೆದುಕೊಂಡು ಬಂದಿದ್ದಳು. ಗುರುಪಾದಪ್ಪನವರ ಅಟ್ಟದ ಮೇಲಿದ್ದ ಹಗ್ಗವನ್ನು ನಾಗಲಿಂಗನ ಸೊಂಟಕ್ಕೆ ಕಟ್ಟಿ, ಬಾಳಾಸಾಹೇಬ ಗಂಟನ್ನು ಜಗ್ಗಿ ನೋಡಿದ; ಆಮೇಲೆ ಇನ್ನೊಮ್ಮೆ ಜಗ್ಗಿ ನೋಡಿದ.

"ಒಂದ ಸಲ ಜಗ್ಗಿದ್ರ ಆರಾಮ ಅದೇನಿ ಅಂತ. ಮ್ಯಾಲಿಂದ ಮ್ಯಾಲ ಜಗ್ಗಿದ್ರ ಎಳಿ," ಎಂದ ನಾಗಲಿಂಗ.

"ಏನೂ ಜಗ್ಗಲಿಲ್ಲಂದ್ರ?"

ನಾಗಲಿಂಗ ಅವನ ಮುಖ ನೋಡಿದ. "ಜಗ್ಗತೇನಿ," ಎಂದ.

ಕಮಾನಿನ ಒಳಬದಿಯ ಕಲ್ಲಿನಲ್ಲಿ ಮೊದಲೇ ಇದ್ದ, ಜಾಳಿಯ ಕೊಕ್ಕೆ ಕೂರುವಂಥ ತೂತುಗಳಲ್ಲಿ ಕೆಸರು ತುಂಬಿತ್ತು. ಅದನ್ನು ಕೆದರಿ ತೆಗೆಯಲು ಅವನು ಕಡೆಯ ಸಲ ಕೋಣೆಯೊಳಗೆ ಹೋದ. ಕೆಲಸ ಮುಗಿಸಿ ಗದ್ದ ಎತ್ತಿ ನಿಂತ. ಅದೇ ಕತ್ತಲು, ಅದೇ ತಂಪು. ಇನ್ನು ಈ ಜಾಗ ಸಿಗುವುದಿಲ್ಲ ಎನಿಸಿತು. ಇನ್ನೊಂದು ಗಳಿಗೆ ಇರೋಣ ಎಂದುಕೊಂಡ.

ಆಗ ಸೊಂಟದ ಹಗ್ಗ ಅಲುಗಿತು. ಯಾರೂ ಜಗ್ಗುತ್ತಿರಲಿಲ್ಲ, ಅದು ಸಣ್ಣಗೆ, ಬಿಡದೆ ನಡುಗುತ್ತಿತ್ತು. ಮೊದಲು ನೀರಿನ ಸೆಳೆತ ಎಂದುಕೊಂಡ. ಬಾವಿಯಲ್ಲಿ ಎಂಥ ಸೆಳೆತ? ಹಗ್ಗವನ್ನು ಬೆರಳಲ್ಲಿ ಹಿಡಿದು ನೋಡಿದಾಗ ತಿಳಿಯಿತು: ಅದು ಬಾಳಾಸಾಹೇಬನ ಕೈ. ಮೇಲೆ ದಂಡೆಯಲ್ಲಿ ಆ ಟೇಲರ್‌ನ ಕೈ ನಡುಗುತ್ತಿತ್ತು, ಮೊದಲ ಉಸಿರೋ ಎರಡನೆಯದೋ ಹಿಡಿದುಕೊಂಡು. ಇಷ್ಟು ವರ್ಷ ನಾಗಲಿಂಗ ಮುಳುಗಿದಾಗಲೆಲ್ಲ ಮೇಲೆ ಹೀಗೇ ನಡೆದಿತ್ತು. ನೀರಿನಡಿಯಲ್ಲಿದ್ದವನಿಗೆ ಅದು ಇವತ್ತು ಮುಟ್ಟಿತು.

ಅವನು ಹಗ್ಗವನ್ನು ಒಮ್ಮೆ ಜಗ್ಗಿದ. ನಡುಕ ನಿಂತಿತು.

ಕೋಣೆಯಿಂದ ಹೊರಬಂದು ಮೇಲೆ ಹೋಗಿ ಉಸಿರು ತೆಗೆದುಕೊಂಡು, ಜಾಳಿಯನ್ನು ಇಳಿಸಿಕೊಂಡ. ಮೂರ್ನಾಲ್ಕು ಸಲ ಇಳಿದು ಹತ್ತಿದ ಮೇಲೆ ಕೊಕ್ಕೆಗಳು ಕೂತವು. ಕಡೆಗೆ ಜಾಳಿಯನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದ, ಅಲುಗಲಿಲ್ಲ. ಮೇಲೆ ಬಂದಾಗ ಗುರುಪಾದಪ್ಪನವರು ಗದ್ದೆಯ ಕಡೆ ಹೋದರು. ಬಾವಿ ಮುಚ್ಚಲು ತರಿಸಿದ್ದ ಹಾಸುಗಲ್ಲುಗಳು ಅಲ್ಲೇ ಬಿದ್ದಿದ್ದವು; ಮುಂದೆ ಅವು ಬಾವಿಯ ಸುತ್ತ ಕೂರುವ ಕಟ್ಟೆಯಾದವು.

ನಾಗಲಿಂಗ ಮುಳುಗುವುದನ್ನು ಬಿಡಲಿಲ್ಲ. ಬಿಟ್ಟಿದ್ದರೆ ಅವನು ನಾಗಲಿಂಗನಾಗಿ ಉಳಿಯುತ್ತಿರಲಿಲ್ಲ. ಆದರೆ ವಸ್ತ್ರವನ್ನು ಯಾರದೋ ಕೈಗೆ ತುರುಕುವುದು ನಿಂತಿತು. ಮಡಿಸಿ, ಮುಖ ನೋಡಿ ಕೊಡುತ್ತಿದ್ದ. ದಂಡೆಯವನ ಮೊದಲ ಉಸಿರಿನೊಳಗೇ ಮೇಲೆ ಬರುತ್ತಿದ್ದ. ಫೌಂಡ್ರಿಯ ಭೋಂಗಾಕ್ಕೂ ಇದಕ್ಕೂ ಏನು ಫರಕು ಎಂದು ಅವನದೇ ಊರಿನ ನಾನು ಒಮ್ಮೆ ಕೇಳಿದೆ. "ಭೋಂಗಾಕ್ಕ ನಾ ಬಂದ್ನೋ ಇಲ್ಲೋ ಗೊತ್ತಾಗೂದಿಲ್ಲ," ಎಂದ. "ಮತ್ತ ಖರೇ ಹೇಳ್ಲೇನು? ಮ್ಯಾಲ ಬಾಳೂ ಕುಂತಾನಂದ್ರ ನಾ ಮದ್ಲಿನಕಿಂತ ಆಳಕ್ಕ ಹೋಗತೇನಿ. ಮದಲ ಕೋಣಿ ಬಿಟ್ಟು ಕೆಳಗ ಹೋಗಾಕ ನನಗೂ ಅಂಜಿಕಿ ಇತ್ತು, ಯಾರಿಗೂ ಹೇಳಿರಲಿಲ್ಲ."

ಅವನ ಹೆಣ್ಣುಮಕ್ಕಳು ಆ ಬಾವಿಯಲ್ಲೇ ಈಜು ಕಲಿತರು. ರೇಣವ್ವ ನೀರಿಗೆ ಇಳಿಯಲಿಲ್ಲ, ಆದರೆ ಮಕ್ಕಳ ವಸ್ತ್ರ ಹಿಡಿದು ಕೂರುತ್ತಿದ್ದಳು. ಅವಳ ಉಸಿರು ಎಲ್ಲರಿಗಿಂತ ಬೇಗ ಮುಗಿಯುತ್ತಿತ್ತು, ಕೂಗು ಎಲ್ಲರಿಗಿಂತ ದೊಡ್ಡದಿತ್ತು. ಎಲ್ಲರಿಗಿಂತ ತಡವಾಗಿ ಕಲಿತವನು ಬಾಳಾಸಾಹೇಬ. ಡಬ್ಬಿ ಬಿಡಲು ಅವನಿಗೆ ಎರಡು ಬೇಸಿಗೆ ಹಿಡಿದವು. ಬಿಟ್ಟ ಮೇಲೆ ಹುಚ್ಚು ಹತ್ತಿತು.

ಎಂಬತ್ತೈದರ ಬೇಸಿಗೆಯ ಒಂದು ಭಾನುವಾರ ಇಬ್ಬರೂ ಪ್ಯಾಸೆಂಜರ್ ಗಾಡಿಯಲ್ಲಿ ಖಾನಾಪುರಕ್ಕೆ ಹೋದರು, ನಾನೂ ಜೊತೆಗಿದ್ದೆ. ಮಲಪ್ರಭೆ ಅಲ್ಲಿ ತಿರುವು ತೆಗೆದುಕೊಳ್ಳುವ ಕಡೆ ಒಂದು ಮಡು ಇದೆ. ಬಾಳಾಸಾಹೇಬ ತಾನು ಹೊಲಿದ ಚಡ್ಡಿ ಹಾಕಿಕೊಂಡು, ಲಾರಿ ಟ್ಯೂಬಿನ ಆ ಗಾಜನ್ನು ಕಣ್ಣಿಗೆ ಬಿಗಿದುಕೊಂಡು, ವಸ್ತ್ರವನ್ನು ನಾಗಲಿಂಗನ ಕೈಗೆ ಕೊಟ್ಟ.

"ತಳದ ಮಣ್ಣ ತರತೇನಿ ನೋಡ ನಾಗಣ್ಣಾ."

"ಮಣ್ಣ ಹೊಲದಾಗ ಬೇಕಾದಷ್ಟೈತಿ. ನೀ ಬಂದ್ರ ಸಾಕು."

ಅವನು ಮುಳುಗಿದ. ನೀರಿನ ಉಂಗುರಗಳು ದಂಡೆಗೆ ಬಂದು ಮುಟ್ಟಿ ಸುಮ್ಮನಾದವು. ನಾನು ಏನೋ ಕೇಳಿದೆ; ನಾಗಲಿಂಗ ಉತ್ತರಿಸಲಿಲ್ಲ. ತಿರುಗಿ ನೋಡಿದರೆ ಅವನ ಕೆನ್ನೆ ಬಿಗಿದಿತ್ತು, ವಸ್ತ್ರ ಹಿಡಿದ ಕೈ ಸಣ್ಣಗೆ ನಡುಗುತ್ತಿತ್ತು. ಅನಗೋಳದ ಬಾವಿಯಲ್ಲಿ ಎಲ್ಲರಿಗಿಂತ ಉದ್ದ ಉಸಿರು ಹಿಡಿಯುತ್ತಿದ್ದವನಿಗೆ ದಂಡೆಯ ಮೇಲೆ ಆ ಉಸಿರು ಸಾಲಲಿಲ್ಲ. ಒಮ್ಮೆ ಬಿಟ್ಟ, ಮತ್ತೆ ಹಿಡಿದ, ಮೆಲ್ಲಗೆ ಎದ್ದು ನಿಂತ.

ಮಡುವಿನ ನಡುವೆ ಮೊದಲು ಒಂದು ಮುಷ್ಟಿ ಮೇಲೆ ಬಂತು, ಬೆರಳ ಸಂದಿಯಿಂದ ಕೆಂಪು ಮಣ್ಣು ಸೋರುತ್ತಿತ್ತು. ಅದರ ಹಿಂದೆ ತಲೆ. ನಾಗಲಿಂಗ ಉಸಿರು ಬಿಟ್ಟು, ವಸ್ತ್ರವನ್ನು ಎರಡೂ ಕೈಯಲ್ಲಿ ಬಿಡಿಸಿ ಹಿಡಿದುಕೊಂಡು ನೀರಿನ ಅಂಚಿಗೆ ಇಳಿದ.